ಎಡಗೈಯ ಸಿಗರೇಟು

ಆ ಹದಿನಾಲ್ಕು ದಿನಗಳ ಬಗ್ಗೆ ನನ್ನ ಡೈರಿಯಲ್ಲಿ ಯಾವುದಕ್ಕೂ ಕೊರತೆಯಿಲ್ಲ. ಯಾವ ದಿನ ಎಷ್ಟು ಗಂಟೆಗೆ ಮಾತ್ರೆ ನುಂಗಿದೆ, ಊಟಕ್ಕೆ ಮೊದಲೋ ಆಮೇಲೋ, ಬಾಯಿ ಎಷ್ಟು ಕಹಿಯಾಗಿತ್ತು, ಯಾವ ದಿನ ಹೊಟ್ಟೆ ತೊಳಸಿತು, ಎಲ್ಲವೂ ಇದೆ. ಸಿಗರೇಟಿನ ವಿಷಯ ಮಾತ್ರ ಎಲ್ಲಿಯೂ ಇಲ್ಲ. ಈಗ ಆ ಪುಟಗಳನ್ನು ತಿರುವಿ ನೋಡಿದರೆ, ಆ ಎರಡು ವಾರ ನಾನು ಸಿಗರೇಟು ಮುಟ್ಟಿಯೇ ಇಲ್ಲವೆಂದು ಯಾರಾದರೂ ನಂಬಬೇಕು. ಕೆಲವು ತಿಂಗಳು ನಾನೂ ಹೆಚ್ಚುಕಡಿಮೆ ಹಾಗೆಯೇ ನಂಬಿದ್ದೆ.

ನಾನು ತಿರುವನಂತಪುರದ ಒಂದು ಬಾಹ್ಯಾಕಾಶ ಸಂಸ್ಥೆಯಲ್ಲಿ ಗುಣಮಟ್ಟ ವಿಭಾಗದಲ್ಲಿದ್ದೇನೆ. ಮೈಸೂರಿನವನು. ಹೆಂಡತಿ ಕೊಚ್ಚಿಯ ಕಳಮಶ್ಶೇರಿಯಲ್ಲಿ, ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೆ. ಹತ್ತು ವರ್ಷದ ಮಗಳು ಅವಳ ಜೊತೆ ಇದ್ದಾಳೆ. ನಾನು ಕಳಕ್ಕೂಟಂನಲ್ಲಿ ಒಂದು ರೂಮು ಹಿಡಿದುಕೊಂಡು, ಶನಿವಾರ ಬೆಳಗಿನ ರೈಲಿಗೆ ಕೊಚ್ಚಿಗೆ ಹೋಗಿ ಭಾನುವಾರ ಸಂಜೆ ಮರಳುವವನು. ಹೀಗೆ ನಾಲ್ಕು ವರ್ಷವಾಯಿತು.

ಶನಿವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ತಟ್ಟೆ ಇಡುತ್ತಿರಲಿಲ್ಲ. ಹೆಂಡತಿ ಒಂದು ಬೋಗುಣಿಯಲ್ಲಿ ಅನ್ನ, ಸಾರು, ತುಪ್ಪ ಕಲಸಿಕೊಂಡು ನೆಲದ ಮೇಲೆ ಕೂರುತ್ತಿದ್ದಳು. ಮಗಳೂ ನಾನೂ ಎದುರು ಕೂತು ಬಲಗೈ ಚಾಚುತ್ತಿದ್ದೆವು. ಒಂದು ತುತ್ತು ಮಗಳಿಗೆ, ಒಂದು ನನಗೆ, ಒಂದು ಅವಳಿಗೇ. ವಾರವೆಲ್ಲ ಕ್ಯಾಂಟೀನಿನಲ್ಲಿ ಉಂಡವನಿಗೆ ಆ ಕೈತುತ್ತು ಏನೆಂದು ವಿವರಿಸಬೇಕಿಲ್ಲ. ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳದಲ್ಲಿ ಉತ್ತರಿಸುವವಳು. ತುತ್ತಿನ ಹೊತ್ತಿನಲ್ಲಿ ಮಾತ್ರ ಅವಳ ಬಾಯಲ್ಲಿ ‘ಇನ್ನೊಂದು’, ‘ಸಾಕು’, ‘ದೊಡ್ಡದು’ ಎಂಬ ಕನ್ನಡದ ಮಾತುಗಳು ಬರುತ್ತಿದ್ದವು.

ಈ ಕೈತುತ್ತಿನ ಕಾರಣಕ್ಕೇ ನಾನು ಎಡಗೈಯಲ್ಲಿ ಸೇದುವುದನ್ನು ಅಭ್ಯಾಸ ಮಾಡಿಕೊಂಡಿದ್ದೆ. ತುತ್ತಿಗೆ ಚಾಚಿದ ಬಲಗೈ ಹೆಂಡತಿಯ ಮುಖದಿಂದ ಒಂದು ಗೇಣು ದೂರದಲ್ಲಿರುತ್ತದೆ. ಬೆರಳಿನ ವಾಸನೆ ಸೋಪಿಗೆ ಅಷ್ಟು ಬೇಗ ಹೋಗುವುದಿಲ್ಲ. ಮಗಳು ಹುಟ್ಟಿದ ವರ್ಷ ಸಿಗರೇಟು ಬಿಟ್ಟಿದ್ದೆ, ನಿಜವಾಗಿಯೇ ಬಿಟ್ಟಿದ್ದೆ. ತಿರುವನಂತಪುರಕ್ಕೆ ಒಬ್ಬನೇ ಬಂದ ಮೇಲೆ ಮತ್ತೆ ಹಿಡಿಯಿತು. ಮೊದಲ ದಿನದಿಂದಲೇ ಎಡಗೈಯಲ್ಲಿ ಹಿಡಿದೆನೇ, ಯಾವಾಗಲಾದರೂ ಒಮ್ಮೆ ಯೋಚಿಸಿ ಬದಲಾಯಿಸಿಕೊಂಡೆನೇ, ನೆನಪಿಲ್ಲ. ಯೋಚಿಸಿ ಮಾಡಿರಲಿಲ್ಲ ಎಂದುಕೊಳ್ಳಲು ಆಸೆಯಾಗುತ್ತದೆ. ಆದರೆ ಯೋಚಿಸದೆ ಯಾರೂ ಎಡಗೈ ಅಭ್ಯಾಸ ಮಾಡುವುದಿಲ್ಲ.

ಶುಕ್ರವಾರ ಸಂಜೆ ಚಾಲೈ ಬಜಾರಿಗೆ ಹೋಗಿ ಲವಂಗ ತರುತ್ತಿದ್ದೆ. ಸಗಟು ಅಂಗಡಿಯವನು ಕಾಲು ಕಿಲೋಗಿಂತ ಕಡಿಮೆ ಕೊಡುತ್ತಿರಲಿಲ್ಲ. ನಾಲ್ಕು ಲವಂಗ ಬಾಯಿಗೆ, ಮಿಕ್ಕಿದ್ದು ಮನೆಗೆ. ಹೆಂಡತಿಯ ಅಡುಗೆಮನೆಯಲ್ಲಿ ಡಬ್ಬಿಗಳು ತುಂಬಿದವು. ‘ನೀವು ರಾಕೆಟ್ ಬಿಟ್ಟು ಲವಂಗದ ವ್ಯಾಪಾರಕ್ಕೆ ಇಳಿದ್ರಾ ಹೇಗೆ?’ ಎಂದು ನಗುತ್ತಿದ್ದಳು. ನಾನೂ ನಗುತ್ತಿದ್ದೆ.

ಹೋದ ವರ್ಷ ಮಳೆ ಶುರುವಾದ ಹೊಸದರಲ್ಲಿ, ಆಫೀಸಿನ ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲೆ ಬಂತು. ಎರಡು ದಿನದಿಂದ ಮಲ ಟಾರಿನಂತೆ ಕಪ್ಪಗೆ ಹೋಗುತ್ತಿತ್ತು. ತಿಂದದ್ದರಿಂದ ಇರಬೇಕೆಂದು ಸುಮ್ಮನಿದ್ದೆ. ಆಸ್ಪತ್ರೆಯಲ್ಲಿ ಗಂಟಲೊಳಗೆ ಕೊಳವೆ ಇಳಿಸಿ ನೋಡಿದರು. ಜಠರದಲ್ಲಿ ಹುಣ್ಣಾಗಿ ರಕ್ತ ಸೋರುತ್ತಿತ್ತು. ಹುಣ್ಣಿಗೆ ಕಾರಣವಾಗುವ ಬ್ಯಾಕ್ಟೀರಿಯಾ ಅಲ್ಲಿ ಸಂಸಾರ ಹೂಡಿತ್ತು. ಎರಡು ಬಾಟಲಿ ರಕ್ತ ಕೊಟ್ಟರು. ಹೆಂಡತಿ ಕೊಚ್ಚಿಯಿಂದ ಬಂದು ಮಂಚದ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಾಲ್ಕು ದಿನ ಕೂತಳು. ರಕ್ತ ನಿಂತ ಮೇಲೆ, ಮುಂದಿನ ಚಿಕಿತ್ಸೆ ಕೊಚ್ಚಿಯಲ್ಲೇ ಆಗಲಿ ಎಂದು ಅಲ್ಲಿನ ಒಬ್ಬ ಹೊಟ್ಟೆ ತಜ್ಞೆಯ ಹತ್ತಿರ ಕರೆದುಕೊಂಡು ಹೋದಳು.

ಆ ಡಾಕ್ಟರು ಐವತ್ತು ದಾಟಿದ ಮಲಯಾಳಿ ಹೆಂಗಸು, ನಿಧಾನವಾಗಿ ಮಾತಾಡುವವರು. ಹುಣ್ಣು ಮಾತ್ರೆಗೆ ಮಾಯುತ್ತದೆ, ಆದರೆ ಬ್ಯಾಕ್ಟೀರಿಯಾ ಉಳಿದರೆ ಮತ್ತೆ ಹುಣ್ಣಾಗಬಹುದು, ಮತ್ತೆ ರಕ್ತ ಸೋರಬಹುದು, ಮುಂದಿನ ಸಲ ನೀವು ಆಫೀಸಿನ ಮೆಟ್ಟಿಲ ಮೇಲೇ ಇರುತ್ತೀರೆಂದು ಹೇಳಲಾಗದು ಎಂದರು. ನನಗೆ ಅರ್ಥವಾಯಿತು. ಕಳಕ್ಕೂಟಂನ ರೂಮಿನಲ್ಲಿ ಒಳಗಿನಿಂದ ಚಿಲಕ ಹಾಕಿಕೊಂಡು ಒಬ್ಬನೇ ಮಲಗುವವನು ನಾನು. ಹೆಂಡತಿಗೆ ನನಗಿಂತ ಚೆನ್ನಾಗಿ ಅರ್ಥವಾಯಿತು. ರೂಮಿನ ಇನ್ನೊಂದು ಕೀಲಿಯನ್ನು ಪಕ್ಕದ ರೂಮಿನವರಿಗೆ ಕೊಡಬೇಕು, ಇನ್ನು ಮೇಲೆ ಚಿಲಕ ಹಾಕಬಾರದು ಎಂದು ಅಲ್ಲಿಯೇ ನನ್ನಿಂದ ಮಾತು ತೆಗೆದುಕೊಂಡಳು.

ಸಿಗರೇಟು ಇದೆಯೇ ಎಂದು ಡಾಕ್ಟರು ಕೇಳಿದ್ದು ಅಂದೇ. ಇದರ ಉತ್ತರ ಯಾರು ಕೊಟ್ಟರು ಎಂಬುದರ ಬಗ್ಗೆ ನಮ್ಮ ಮನೆಯಲ್ಲಿ ಎರಡು ನೆನಪುಗಳಿವೆ. ನನ್ನ ನೆನಪಿನಲ್ಲಿ ಹೆಂಡತಿ, ‘ಹತ್ತು ವರ್ಷದ ಹಿಂದೆ ಬಿಟ್ರು’ ಎಂದಳು, ನಾನು ಸುಮ್ಮನಿದ್ದೆ. ಅವಳ ನೆನಪಿನಲ್ಲಿ ಅವಳು ಮಾತೇ ಆಡಲಿಲ್ಲ, ನಾನು ತಲೆ ಅಲ್ಲಾಡಿಸಿ ಇಲ್ಲ ಎಂದೆ. ಡೈರಿಯಲ್ಲಿ ಅಂದಿನ ಪುಟದಲ್ಲಿ ‘ಡಾಕ್ಟರು ಒಳ್ಳೆಯವರು, ಸಮಾಧಾನಿ’ ಎಂದಷ್ಟೇ ಇದೆ. ನನ್ನ ನೆನಪು ನನಗೆ ಅನುಕೂಲವಾಗಿದೆ. ಆದ್ದರಿಂದ ಅವಳದೇ ಸರಿ ಇರಬೇಕು.

ಹೆಂಡತಿಗೂ ಬಹಳ ದಿನದಿಂದ ಹೊಟ್ಟೆಯುರಿ ಇತ್ತು. ಪರೀಕ್ಷೆ ಮಾಡಿದರೆ ಅವಳಲ್ಲೂ ಅದೇ ಬ್ಯಾಕ್ಟೀರಿಯಾ. ಇಬ್ಬರಿಗೂ ಒಂದೇ ಚೀಟಿ: ಎರಡು ಆ್ಯಂಟಿಬಯಾಟಿಕ್, ಆ್ಯಸಿಡ್ ತಗ್ಗಿಸುವ ಒಂದು ಮಾತ್ರೆ, ದಿನಕ್ಕೆ ಎರಡು ಹೊತ್ತು, ಹದಿನಾಲ್ಕು ದಿನ. ಮಗಳಿಗೆ ಏನೂ ತೊಂದರೆಯಿಲ್ಲದ್ದರಿಂದ ಪರೀಕ್ಷೆ ಬೇಡವೆಂದರು.

ನನ್ನ ಕೆಲಸವೇ ತಪಾಸಣಾ ಪಟ್ಟಿ ಮಾಡುವುದು. ಮಾಡಿದ ಪ್ರತಿ ಕೆಲಸದ ಎದುರು ಸಮಯ, ಸಹಿ. ಸಹಿ ಇಲ್ಲದ ಕೆಲಸ ನಮ್ಮಲ್ಲಿ ನಡೆದೇ ಇಲ್ಲ ಎಂದು ಲೆಕ್ಕ. ಮಾತ್ರೆಗಳಿಗೂ ಹಾಗೆಯೇ ಒಂದು ಪಟ್ಟಿ ತಯಾರಿಸಿ, ಗೆರೆ ಹೊಡೆದು, ಎರಡು ಪ್ರತಿ ತೆಗೆದು ಒಂದನ್ನು ಹೆಂಡತಿಗೆ ಕೊಟ್ಟೆ. ಅವಳು ನಕ್ಕಳು, ಆದರೆ ಫ್ರಿಜ್ಜಿಗೆ ಅಂಟಿಸಿಕೊಂಡಳು. ಪ್ರತಿ ಸಂಜೆ ನನ್ನ ಪಟ್ಟಿಯ ಫೋಟೊ ತೆಗೆದು ಅವಳಿಗೆ ಕಳಿಸುತ್ತಿದ್ದೆ. ಅವಳು ನೋಡಿ ಒಂದು ಸರಿ ಗುರುತು ಕಳಿಸುತ್ತಿದ್ದಳು. ಒಂದು ಹೊತ್ತೂ ತಪ್ಪಲಿಲ್ಲ. ನಡುವಿನ ಶನಿವಾರ ಕೊಚ್ಚಿಗೆ ಹೋದಾಗ, ಇಬ್ಬರೂ ಒಟ್ಟಿಗೆ ಮಾತ್ರೆ ನುಂಗಿ, ಒಟ್ಟಿಗೆ ಮುಖ ಕಿವಿಚಿದೆವು. ಮಗಳಿಗೆ ಅದನ್ನು ನೋಡುವುದೇ ತಮಾಷೆಯಾಗಿತ್ತು.

ಕೋರ್ಸು ಮುಗಿದು ಒಂದೂವರೆ ತಿಂಗಳ ಮೇಲೆ ಉಸಿರಿನ ಪರೀಕ್ಷೆ. ಒಂದು ಗುಳಿಗೆ ನುಂಗಿಸಿ, ಸ್ವಲ್ಪ ಹೊತ್ತು ಕೂರಿಸಿ, ಒಂದು ಚೀಲಕ್ಕೆ ಊದಿಸುತ್ತಾರೆ. ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾ ಇದ್ದರೆ ಅದರ ಸುಳಿವು ಉಸಿರಿನಲ್ಲಿ ಬರುತ್ತದೆ. ಹೆಂಡತಿಯದು ಇಲ್ಲವೆಂದು ಬಂತು. ನನ್ನದು ಇದೆಯೆಂದು ಬಂತು.

ಡಾಕ್ಟರು ನನ್ನ ಪಟ್ಟಿಯನ್ನು ಬಹಳ ಹೊತ್ತು ನೋಡಿದರು. ಇಷ್ಟು ಅಚ್ಚುಕಟ್ಟಾಗಿ ಮಾತ್ರೆ ತೆಗೆದುಕೊಂಡ ರೋಗಿಯನ್ನು ನಾನು ನೋಡಿಲ್ಲ ಎಂದರು. ಹಾಗಿದ್ದರೆ ನಿಮ್ಮ ಹೊಟ್ಟೆಯಲ್ಲಿರುವುದು ಈ ಔಷಧಿಗೆ ಬಗ್ಗದ ತಳಿ ಇರಬೇಕು, ಬೇರೆ ಔಷಧಿ ಕೊಡಬೇಕು, ಅದು ಇದಕ್ಕಿಂತ ಕಷ್ಟ, ದಿನಕ್ಕೆ ನಾಲ್ಕು ಹೊತ್ತು, ಅದೂ ಕೈಕೊಟ್ಟರೆ ಮುಂದೆ ನಮ್ಮ ಹತ್ತಿರ ಉಳಿಯುವ ದಾರಿಗಳು ಕಡಿಮೆ, ಎಂದರು. ನಾನು ತಲೆಯಾಡಿಸಿದೆ. ಆಫೀಸಿನಲ್ಲಿ ದೊಡ್ಡದೊಂದು ಪರೀಕ್ಷೆ ಹತ್ತಿರವಿತ್ತು. ಅದು ಮುಗಿಯುವವರೆಗೆ ಕಾಯಬಹುದೇ ಎಂದು ಕೇಳಿದೆ. ಆ್ಯಸಿಡ್ ಮಾತ್ರೆ ನಿಲ್ಲಿಸದೆ ಒಂದೂವರೆ ತಿಂಗಳು ಕಾಯಬಹುದು, ಹೆಚ್ಚು ಬೇಡ, ಎಂದರು.

ಹೆಂಡತಿ ಬಾಗಿಲ ಬಳಿ ನಿಂತು ಒಂದೇ ಒಂದು ಪ್ರಶ್ನೆ ಕೇಳಿದಳು. ಇದು ಒಬ್ಬರಿಂದ ಒಬ್ಬರಿಗೆ ಕೈಯಿಂದ ಹರಡಬಹುದೇ? ಬಾಯಿಂದ, ಕೈಯಿಂದ ಹರಡಬಹುದು, ಆದರೆ ನಿಮ್ಮ ಮನೆಯಲ್ಲಿ ಹೀಗೇ ಆಯಿತೆಂದು ಹೇಳಲಾಗದು ಎಂದರು ಡಾಕ್ಟರು. ಆ ಮಾತಿನ ಎರಡನೆಯ ಭಾಗ ಅವಳಿಗೆ ಕೇಳಿಸಲೇ ಇಲ್ಲ ಎಂದು ಈಗ ಅನಿಸುತ್ತದೆ.

ಮುಂದಿನ ಶನಿವಾರ ಮೂರು ತಟ್ಟೆ ಬಂದವು. ನೆಲದ ಬದಲು ಮೇಜು. ಅನ್ನಕ್ಕೆ ಬೇರೆ ಚಮಚ, ಸಾರಿಗೆ ಬೇರೆ ಸೌಟು. ನೀರನ್ನು ಕೇರಳದವರಂತೆ ಕೆಂಪು ಮರದ ಚಕ್ಕೆ ಹಾಕಿ ಕುದಿಸಿ ಇಟ್ಟಿದ್ದಳು. ಮಗಳು, ಅಮ್ಮ ಯಾಕೆ ಕಲಸಿ ಕೊಡುತ್ತಿಲ್ಲ ಎಂದು ಮಲಯಾಳದಲ್ಲಿ ಕೇಳಿದಳು. ದೊಡ್ಡವಳಾದೆಯಲ್ಲ, ತಟ್ಟೆಯಲ್ಲಿ ಉಣ್ಣು ಎಂದಳು ಹೆಂಡತಿ. ಅವಳು ಅನ್ನ ಬಡಿಸುವ ಮೊದಲು ಉಗುರುಗಳನ್ನು ಬ್ರಷ್ಷಿನಿಂದ ತಿಕ್ಕಿ ತೊಳೆಯುವುದನ್ನು ನೋಡಿದೆ. ತನಗಾಗಿ ಕಲಸಿಕೊಳ್ಳುವ ಅನ್ನಕ್ಕೂ ಹಾಗೆಯೇ. ನನಗೆ ಅಂದೇ ಎಲ್ಲ ಹೇಳಿಬಿಡಬೇಕೆನಿಸಿತು ಎಂದು ಬರೆದರೆ ಅದು ಸುಳ್ಳು. ನನಗೆ ಅನಿಸಿದ್ದು ಸಮಾಧಾನ. ಮೇಜಿನ ಆಚೆ ಕೂತವಳಿಗೆ ವಾಸನೆ ಬರುವುದಿಲ್ಲ. ಅದರ ಮುಂದಿನ ಶನಿವಾರ ರೈಲು ಹತ್ತುವ ಮೊದಲು ಎರಡು ಸೇದಿದ್ದೆ, ಬಲಗೈಯಲ್ಲಿ.

ಮನಸ್ಸು ಬದಲಾದದ್ದು ಆಫೀಸಿನ ಒಂದು ಸಭೆಯಿಂದ. ನಾನು ಯಾವಾಗಲೂ ಹೇಳುವ ಕಥೆ ಹೀಗಿದೆ. ಒಂದು ಬೆಸುಗೆಯ ಜೋಡಣೆ ಒತ್ತಡದ ಪರೀಕ್ಷೆಯಲ್ಲಿ ಸೋರಿತು. ದಾಖಲೆ ನೋಡಿದರೆ ಎಲ್ಲ ಸರಿಯಾಗಿತ್ತು. ಕೆಲಸ ಮಾಡಿದ ತಂತ್ರಜ್ಞ ನಿವೃತ್ತಿಗೆ ಎರಡು ವರ್ಷವಿದ್ದ ಮನುಷ್ಯ, ಒಂದೂ ತಪ್ಪು ಮಾಡಿದವರಲ್ಲ. ಇಂಥ ಸಭೆಗಳಲ್ಲಿ ನಾವು ಯಾರು ಮಾಡಿದ್ದು ಎಂದು ಕೇಳುವುದಿಲ್ಲ. ನಾನು ಇಪ್ಪತ್ತು ವರ್ಷದಿಂದ ಕೇಳುವ ಪ್ರಶ್ನೆ ಕೇಳಿದೆ: ದಾಖಲೆಯಲ್ಲಿ ಬರೆಯದೆ ಇರುವಂಥದ್ದು ಅಂದು ಏನಾದರೂ ನಡೆಯಿತೇ? ಅವರು, ಎ.ಸಿ. ಒಂದು ಗಂಟೆ ನಿಂತಿತ್ತು, ತೇವ ಹೆಚ್ಚಾಗಿತ್ತು, ಎಂದರು. ಯಾಕೆ ಬರೆಯಲಿಲ್ಲವೆಂದು ಕೇಳಿದೆ. ‘ಅದಕ್ಕೆ ಕಾಲಂ ಇರಲಿಲ್ಲ, ಸಾರ್’ ಎಂದರು. ಆ ಫಾರ್ಮ್ ಮಾಡಿದವನು ನಾನು. ಅಲ್ಲಿ ಕೂತಂತೆಯೇ ನನ್ನ ಮಾತ್ರೆಯ ಪಟ್ಟಿ ಕಣ್ಣೆದುರು ಬಂತು.

ಇದು ತುಂಬಾ ಚೆನ್ನಾಗಿ ಹೊಂದಿಕೊಳ್ಳುವ ಕಥೆ, ಅದಕ್ಕೇ ನನಗೆ ಅನುಮಾನ. ಡೈರಿಯಲ್ಲಿ ಆ ಸಭೆ ಒಂದು ಸೋಮವಾರದ ಪುಟದಲ್ಲಿದೆ. ನಾನು ಹೆಂಡತಿಗೆ ಹೇಳಿದ ಶನಿವಾರಕ್ಕೂ ಅದಕ್ಕೂ ನಡುವೆ ಮೂರು ವಾರಗಳಿವೆ. ಕಣ್ಣೆದುರು ಬಂದದ್ದು ನಿಜವಾಗಿದ್ದರೆ ಆ ಮೂರು ವಾರ ನಾನು ಏನು ಮಾಡುತ್ತಿದ್ದೆ? ಡೈರಿ ಪ್ರಕಾರ ಕೆಲಸ ಮಾಡುತ್ತಿದ್ದೆ, ಊಟ ಮಾಡುತ್ತಿದ್ದೆ, ಎರಡು ಸಲ ಚಾಲೈಗೆ ಹೋಗಿ ಲವಂಗ ತಂದಿದ್ದೆ.

ಕೊನೆಗೆ, ಎರಡನೆಯ ಕೋರ್ಸು ಶುರುವಾಗಲು ನಾಲ್ಕು ದಿನವಿದೆ ಎನ್ನುವಾಗ, ಹೇಳಲೇಬೇಕೆಂದು ತೀರ್ಮಾನಿಸಿದೆ. ಆದರೆ ಹೇಳುವುದಕ್ಕೆ ಮೊದಲು ಲೆಕ್ಕ ಬೇಕಲ್ಲ. ಆ ಹದಿನಾಲ್ಕು ದಿನ ಎಷ್ಟು ಸೇದಿದ್ದೆ? ದಿನಕ್ಕೆ ಎರಡು, ಹೆಚ್ಚೆಂದರೆ ಮೂರು ಎಂದು ಮನಸ್ಸು ಹೇಳಿತು. ಮಾತ್ರೆ ನುಂಗುವ ಹೊತ್ತಿನ ಚಿತ್ರವೂ ಸ್ಪಷ್ಟವಾಗಿತ್ತು. ರೂಮಿನ ಕಿಟಕಿ, ಹೆಂಡತಿ ಕೊಟ್ಟುಕಳಿಸಿದ ಸ್ಟೀಲ್ ಲೋಟ, ಕುದಿಸಿ ಆರಿಸಿದ ನೀರು. ಇದನ್ನು ಖಚಿತ ಮಾಡಿಕೊಳ್ಳಬಹುದಾದ ಒಬ್ಬರೇ ಒಬ್ಬರು ಕಳಕ್ಕೂಟಂನಲ್ಲಿದ್ದರು. ಬಸ್ ಸ್ಟಾಪಿನ ಹಿಂದೆ ಬಾದಾಮಿ ಮರದ ಕೆಳಗೆ ಪೆಟ್ಟಿಗೆ ಅಂಗಡಿ ಇಟ್ಟುಕೊಂಡವರು, ಎಲ್ಲರೂ ಚೇಟ್ಟ, ಅಂದರೆ ಅಣ್ಣ, ಎಂದು ಕರೆಯುವವರು. ಅವರ ಅಂಗಡಿಯಲ್ಲಿ ಲೈಟರನ್ನು ದಾರಕ್ಕೆ ಕಟ್ಟಿ ನೇತುಹಾಕಿರುತ್ತಾರೆ. ನಮ್ಮ ಸಂಸ್ಥೆಯ ಗೇಟಿನೊಳಗೆ ಬೆಂಕಿಪೊಟ್ಟಣ ಬಿಡುವುದಿಲ್ಲ. ಹಾಗಾಗಿ ನನ್ನ ಸಿಗರೇಟುಗಳೆಲ್ಲ, ಬೆಳಗಿನದೂ ಸಂಜೆಯದೂ, ಆ ಅಂಗಡಿಯ ಹಿಂಬದಿಯಲ್ಲೇ ಸುಟ್ಟದ್ದು.

ಸಂಜೆ ಹೋಗಿ, ಚೇಟ್ಟಾ, ಮಳೆಗಾಲದಲ್ಲಿ ನಾನು ಮಾತ್ರೆ ತೆಗೆದುಕೊಳ್ಳುತ್ತಿದ್ದೆನಲ್ಲ, ಆ ದಿನಗಳಲ್ಲಿ ಎಷ್ಟು ಸೇದುತ್ತಿದ್ದೆ, ನೆನಪಿದೆಯೇ ಎಂದು ಕೇಳಿದೆ. ಅವರು ಮೊದಲು ನಕ್ಕರು.

‘ಸಾರೇ, ಸೇದಿದ್ದು ನಿಮ್ಮ ಬಾಯಿ, ಕೇಳೋದು ನನ್ನನ್ನಾ?’ ಎಂದರು ಮಲಯಾಳದಲ್ಲಿ. ನಾನು ನಗದಿದ್ದುದನ್ನು ನೋಡಿ ಬೆರಳು ಮಡಿಸತೊಡಗಿದರು. ‘ಬೆಳಿಗ್ಗೆ ಎರಡು. ಸಂಜೆ ಮೂರು. ಮಾತ್ರೆಯ ದಿನಗಳಲ್ಲಿ ಸಂಜೆ ಇನ್ನೊಂದು.’

ಇನ್ನೊಂದು ಯಾಕೆ ಎಂದೆ.

‘ಬಾಯಿ ಕಹಿ ಅಂತ ನೀವೇ ಹೇಳ್ತಿದ್ರಿ. ಮಾತ್ರೆ ನುಂಗೋಕೆ ಈ ಬಾಟಲಿಯ ನೀರೇ ಅಲ್ವಾ ಇಸ್ಕೊಳ್ತಿದ್ದದ್ದು? ನುಂಗೋದು, ಒಂದು ಹಚ್ಚೋದು.’

ಅವರು ತೋರಿಸಿದ್ದು ಅಂಗಡಿಯ ಮೂಲೆಯಲ್ಲಿದ್ದ ಹಸಿರು ಪ್ಲಾಸ್ಟಿಕ್ ಬಾಟಲಿ. ಅದನ್ನು ನೋಡಿದ ಕೂಡಲೇ ಅದರ ನೀರಿನ ರುಚಿ ಬಾಯಿಗೆ ಬಂತು. ಸ್ಟೀಲ್ ಲೋಟ ಎಲ್ಲಿಂದ ಬಂದಿತೋ ತಿಳಿಯದು. ಬಹುಶಃ ಪಟ್ಟಿಗೆ ಒಪ್ಪುವಂಥ ಒಂದು ಲೋಟವನ್ನು ಮನಸ್ಸೇ ಹುಡುಕಿ ಇಟ್ಟಿತ್ತು. ಆರು ಸಿಗರೇಟು ದಿನಕ್ಕೆ, ಅದರಲ್ಲಿ ಒಂದು ಔಷಧಿಯ ಬೆನ್ನಿಗೇ. ಅವರು ಅಭ್ಯಾಸದಿಂದ ಒಂದನ್ನು ತೆಗೆದು ನನ್ನತ್ತ ಚಾಚಿದರು. ನಾನು ತೆಗೆದುಕೊಂಡು ಸೇದಿದೆ ಎಂಬುದನ್ನೂ ಬರೆಯಬೇಕು.

ಶನಿವಾರ ಮಗಳು ಪಕ್ಕದ ಫ್ಲ್ಯಾಟಿಗೆ ಆಡಲು ಹೋದ ಮೇಲೆ, ಮೇಜಿನ ಮೇಲೆ ತಟ್ಟೆಗಳು ಇನ್ನೂ ಇರುವಾಗಲೇ ಹೆಂಡತಿಗೆ ಹೇಳಿದೆ. ಸಿಗರೇಟು, ಅಂಗಡಿ, ಹಸಿರು ಬಾಟಲಿ, ಲವಂಗ, ಎಡಗೈ, ಎಲ್ಲ ಹೇಳಿದೆ. ಅವಳು ತನ್ನ ಬಲಗೈ ಬೆರಳುಗಳಲ್ಲಿ ಒಣಗುತ್ತಿದ್ದ ಅನ್ನವನ್ನು ನೋಡುತ್ತಿದ್ದಳು. ಸಿಗರೇಟಿಗಾಗಿ ಬೈಯುತ್ತಾಳೆಂದು ಕಾಯುತ್ತಿದ್ದೆ.

‘ನನ್ನ ಕೈಯಿಂದಲೇ ನಿಮಗೆ ಮತ್ತೆ ಅಂಟ್ತು ಅಂದ್ಕೊಂಡಿದ್ದೆ,’ ಎಂದಳು. ‘ಐದು ವಾರ ಆಯ್ತು, ಆ ಮಗೂಗೆ ನನ್ನ ಕೈಯಿಂದ ಒಂದು ತುತ್ತು ಕೊಟ್ಟಿಲ್ಲ. ಪರೀಕ್ಷೇಲಿ ನನಗಿಲ್ಲ ಅಂತ ಬಂದ್ರೂ ಕೊಡೋಕೆ ಭಯ. ನೀವು ಇಲ್ಲೇ ಎದುರಿಗೆ ಕೂತು ನೋಡ್ತಾ ಇದ್ರಿ ಅಲ್ವಾ?’

ಹೌದು ಎಂದೆ.

‘ಪ್ರತಿ ವಾರ ನೋಡ್ತಾ ಇದ್ರಿ.’

ಅವಳು ಎದ್ದು ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟುಕೊಂಡು ಒಳಗೆ ಹೋದಳು. ನಲ್ಲಿಯ ನೀರು ಬಹಳ ಹೊತ್ತು ಹರಿಯಿತು. ಬಂದವಳು, ಡಾಕ್ಟರು ಐದು ಗಂಟೆಯವರೆಗೆ ಇರುತ್ತಾರೆ, ಹೋಗೋಣ ಎಂದಳು. ಮೆಟ್ರೊದಲ್ಲಿ ಇಬ್ಬರೂ ನಿಂತೇ ಹೋದೆವು. ಸೀಟುಗಳು ಖಾಲಿ ಇದ್ದವು ಎಂದು ನೆನಪು.

ಡಾಕ್ಟರ ಮುಂದೆ ಮತ್ತೊಮ್ಮೆ ಹೇಳುವುದು ಸುಲಭವೆಂದುಕೊಂಡಿದ್ದೆ. ಆಗಲಿಲ್ಲ. ಅವರು ಕೋಪಿಸಿಕೊಳ್ಳಲಿಲ್ಲ. ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. ಆಮೇಲೆ ಪಾಠ ಹೇಳುವಂತೆ ವಿವರಿಸಿದರು. ಆ ಆ್ಯಂಟಿಬಯಾಟಿಕ್‌ಗಳು ಜಠರದ ಆ್ಯಸಿಡ್ ತಗ್ಗಿದರೆ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತವೆ. ಅದನ್ನು ತಗ್ಗಿಸಲು ನಾನು ಮಾತ್ರೆ ಕೊಟ್ಟೆ, ಹೊಗೆ ಅದನ್ನು ಮತ್ತೆ ಏರಿಸುತ್ತದೆ. ಹೊಗೆಯಿಂದ ಜಠರದ ಒಳಪದರಕ್ಕೆ ಹೋಗುವ ರಕ್ತ ಕಡಿಮೆಯಾಗುತ್ತದೆ, ಔಷಧಿ ಬ್ಯಾಕ್ಟೀರಿಯಾ ಇರುವ ಜಾಗಕ್ಕೆ ಸರಿಯಾಗಿ ತಲುಪುವುದಿಲ್ಲ. ಸೇದುವವರಲ್ಲಿ ಈ ಚಿಕಿತ್ಸೆ ವಿಫಲವಾಗುವುದು ಹೆಚ್ಚು. ಹುಣ್ಣು ಮಾಯುವುದೂ ನಿಧಾನ. ‘ಇದಕ್ಕೇ ಮೊದಲ ದಿನ ಕೇಳಿದ್ದು,’ ಎಂದರು.

ಹಾಗಾದರೆ ಹಳೆಯ ಮಾತ್ರೆಗಳನ್ನೇ ಸಿಗರೇಟಿಲ್ಲದೆ ಇನ್ನೊಮ್ಮೆ ತೆಗೆದುಕೊಳ್ಳಬಹುದೇ ಎಂದು ಕೇಳಿದೆ. ಅವರು ಬೇಡವೆಂದರು. ಒಮ್ಮೆ ಸೋತ ಔಷಧಿಗೆ, ಬದುಕುಳಿದ ಬ್ಯಾಕ್ಟೀರಿಯಾ ಬಗ್ಗದೆ ಹೋಗಿರಬಹುದು. ಎರಡನೆಯ ಕೋರ್ಸಿಗೆ ಬರೆದ ನಾಲ್ಕು ಔಷಧಿಗಳೇ ಇರಲಿ, ಸಿಗರೇಟು ಮಾತ್ರ ಇರದಿರಲಿ. ಮಲ ಕಪ್ಪಾಗುತ್ತದೆ, ನಾಲಿಗೆಯೂ ಕಪ್ಪಾಗಬಹುದು, ಅದು ಒಂದು ಔಷಧಿಯ ಬಣ್ಣ, ಹೆದರಬೇಡಿ ಎಂದರು. ಕೊನೆಗೆ ನನ್ನ ಹೊಸ ಪಟ್ಟಿಯನ್ನು ಇಸಿದುಕೊಂಡು, ಅಂಚಿನಲ್ಲಿ ತಾವೇ ಇನ್ನೊಂದು ಗೆರೆ ಎಳೆದು ಹೊಸ ಕಾಲಂ ಮಾಡಿದರು. ಅದರ ತಲೆಗೆ ಏನೂ ಬರೆಯಲಿಲ್ಲ.

ಎರಡನೆಯ ಕೋರ್ಸಿನ ಹದಿನಾಲ್ಕು ದಿನ ರಜೆ ಹಾಕಿ ಕೊಚ್ಚಿಯಲ್ಲೇ ಇರಬಹುದಿತ್ತು. ಹೆಂಡತಿ ಬೇಡವೆಂದಳು. ‘ನಾನು ಕಾವಲು ಕೂರಲ್ಲ,’ ಎಂದಳು. ಹಾಗಾಗಿ ಕಳಕ್ಕೂಟಂನಲ್ಲೇ ಇದ್ದೆ. ದಿನಕ್ಕೆ ನಾಲ್ಕು ಹೊತ್ತು ಮಾತ್ರೆ. ಬಾಯಲ್ಲಿ ತಾಮ್ರದ ಕಾಸು ಇಟ್ಟುಕೊಂಡಂಥ ರುಚಿ. ಮಾತ್ರೆಯ ಹೊತ್ತಿಗೆ ಹಾಲು ಹಾಕಿದ ಚಹಾ ಹತ್ತಿರವಿರಬಾರದು, ಹಾಲಿಲ್ಲದ ಕಟ್ಟನ್ ಚಾಯ ಮಾತ್ರ. ಅಂಗಡಿಯ ಚೇಟ್ಟನಿಗೆ ವಿಷಯ ಹೇಳಿದ್ದೆ. ಮೊದಲ ಬೆಳಿಗ್ಗೆ ನನ್ನನ್ನು ಕಂಡ ಕೂಡಲೇ ಅವರ ಕೈ ತಾನಾಗಿಯೇ ಪ್ಯಾಕೆಟ್ಟಿಗೆ ಹೋಗಿ, ಅಲ್ಲಿಂದ ನೀರಿನ ಬಾಟಲಿಗೆ ಹೋಯಿತು. ಎರಡನೆಯ ದಿನದಿಂದ ನಾನು ಇನ್ನೊಂದು ಸ್ಟಾಪಿಗೆ ನಡೆದು ಹೋಗಿ ಬಸ್ಸು ಹತ್ತತೊಡಗಿದೆ.

ಒಂಬತ್ತನೆಯ ದಿನ ಮಧ್ಯಾಹ್ನ, ಆಫೀಸಿನ ಶೌಚಾಲಯದಲ್ಲಿ ನೋಡಿದರೆ ಮಲ ಕಡುಕಪ್ಪು. ಹಿಂದಿನ ದಿನಗಳಲ್ಲಿ ಇಷ್ಟು ಕಪ್ಪಿರಲಿಲ್ಲ ಎನಿಸಿತು. ಮತ್ತೆ ರಕ್ತ ಸೋರುತ್ತಿದೆ ಎಂದುಕೊಂಡೆ. ಹೆಂಡತಿಗೆ ಫೋನು ಮಾಡಿದೆ. ತಲೆ ಸುತ್ತುತ್ತಿದೆಯೇ, ಬೆವರುತ್ತಿದೆಯೇ, ನಾಡಿ ಎಷ್ಟಿದೆ ಎಂದು ಒಂದೊಂದಾಗಿ ಕೇಳಿದಳು. ಡಾಕ್ಟರಿಗೂ ಫೋನು ಮಾಡಿ ವಿಚಾರಿಸಿ, ಔಷಧಿಯದ್ದೇ ಬಣ್ಣ ಎಂದಳು. ‘ಅವರು ಹೇಳ್ದಾಗ ನಾವಿಬ್ರೂ ಕೇಳಿಸ್ಕೊಂಡಿದ್ವಿ. ನೀವು ಮರೆತ್ರಿ, ಅಷ್ಟೇ.’ ಆ ಸಂಜೆ ನಾನು ಹಳೆಯ ಸ್ಟಾಪಿನಲ್ಲೇ ಇಳಿದೆ. ಚೇಟ್ಟ ಕೊಡಲು ಹಿಂದೆಮುಂದೆ ನೋಡಿದರು. ನಾನೇ ಕೈ ಹಾಕಿ ತೆಗೆದುಕೊಂಡೆ. ಅರ್ಧ ಸೇದಿ, ಉಳಿದದ್ದನ್ನು ಬಾದಾಮಿ ಮರದ ಬೇರಿಗೆ ಒತ್ತಿ ಆರಿಸಿದೆ.

ರೂಮಿಗೆ ಬಂದು ಪಟ್ಟಿಯ ಮುಂದೆ ಕೂತೆ. ಎಂಟು ದಿನದಿಂದ ಡಾಕ್ಟರು ಎಳೆದ ಕಾಲಂನಲ್ಲಿ ಸೊನ್ನೆಗಳಿದ್ದವು. ಅರ್ಧವನ್ನು ಬರೆಯದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ವರ್ಷದ ಮೇಲೆ ನನಗೂ ತಿಳಿಯುತ್ತಿರಲಿಲ್ಲ. ನನ್ನನ್ನು ಹೆದರಿಸಿದ್ದು ಆ ಎರಡನೆಯದು. ‘ಅರ್ಧ’ ಎಂದು ಬರೆದು, ಫೋಟೊ ತೆಗೆದು ಕಳಿಸಿದೆ.

ಅವಳು ನೋಡಿದ್ದು ಗೊತ್ತಾಯಿತು. ಸುಮಾರು ಒಂದು ಗಂಟೆಯ ಮೇಲೆ ಎಂದಿನಂತೆ ಒಂದು ಸರಿ ಗುರುತು ಬಂತು, ಬೇರೇನೂ ಇಲ್ಲ. ಉಳಿದ ಐದು ದಿನ ಸೊನ್ನೆ.

ಎರಡನೆಯ ಉಸಿರಿನ ಪರೀಕ್ಷೆಯವರೆಗಿನ ವಾರಗಳಲ್ಲಿ ಮಗಳಿಗೆ ಕೈತುತ್ತು ಮತ್ತೆ ಶುರುವಾಯಿತು. ನನಗೆ ತಟ್ಟೆ. ಬ್ಯಾಕ್ಟೀರಿಯಾ ಇದ್ದರೆ ಇರುವುದು ನಿಮ್ಮಲ್ಲಿ, ಅದು ಗೊತ್ತಾಗುವವರೆಗೆ ಹೀಗೇ ಇರಲಿ ಎಂದಳು. ವೈದ್ಯಕೀಯವಾಗಿ ಅದು ಎಷ್ಟು ಸರಿಯೋ ಗೊತ್ತಿಲ್ಲ. ನಾನು ವಾದ ಮಾಡಲಿಲ್ಲ. ಅವರಿಬ್ಬರೂ ನೆಲದ ಮೇಲೆ, ನಾನು ಮೇಜಿನ ಹತ್ತಿರ. ‘ಅಪ್ಪಂಗೆ?’ ಎಂದು ಮಗಳು ಮೊದಲ ವಾರ ಕೇಳಿದಳು, ಆಮೇಲೆ ಕೇಳಲಿಲ್ಲ.

ಪರೀಕ್ಷೆಯ ದಿನ ಚೀಲಕ್ಕೆ ಊದಿದೆ. ಬ್ಯಾಕ್ಟೀರಿಯಾ ಇಲ್ಲ ಎಂದು ಬಂತು. ಡಾಕ್ಟರು ಸಂತೋಷಪಟ್ಟು ಕೈಕುಲುಕಿದರು. ಸಿಗರೇಟು ಬಿಟ್ಟದ್ದರಿಂದಲೇ ಅಲ್ಲವೇ ಎಂದು ನಾನು ಕೇಳಿದೆ. ಅವರು ಭುಜ ಕುಣಿಸಿ, ಔಷಧಿಯೂ ಬೇರೆ ಇತ್ತಲ್ಲ, ಎರಡೂ ಇರಬಹುದು ಎಂದರು. ನಮ್ಮ ಆಫೀಸಿನಲ್ಲಾದರೆ ಇದನ್ನು ತಪ್ಪು ವಿಧಾನ ಎನ್ನುತ್ತಾರೆ. ಒಂದೇ ಸಲಕ್ಕೆ ಎರಡನ್ನು ಬದಲಾಯಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಮೊದಲ ಸೋಲಿಗೆ ನನ್ನ ಆರು ಸಿಗರೇಟುಗಳೇ ಕಾರಣವೋ, ಬಗ್ಗದ ಬ್ಯಾಕ್ಟೀರಿಯಾವೋ, ಎರಡೂ ಸೇರಿಯೋ, ನನಗೆ ಎಂದಿಗೂ ಗೊತ್ತಾಗುವುದಿಲ್ಲ. ಸಿಗರೇಟೇ ಎಂದು ಖಚಿತವಾಗಿದ್ದರೆ ಒಪ್ಪಿಕೊಳ್ಳುವುದು ಇನ್ನೂ ಸುಲಭವಾಗುತ್ತಿತ್ತೇನೋ. ಆದರೆ ಆ ಐದು ವಾರಗಳ ತಟ್ಟೆಗಳಿಗೆ ಕಾರಣ ಯಾರೆಂಬುದರಲ್ಲಿ ಅನುಮಾನವಿಲ್ಲ.

ಮರುದಿನ ಭಾನುವಾರ. ಹೆಂಡತಿ ಬೋಗುಣಿ ತೆಗೆದುಕೊಂಡು ನೆಲದ ಮೇಲೆ ಕೂತು, ಬನ್ನಿ ಎಂದಳು. ನಾನು ಮಗಳ ಪಕ್ಕ ಕೂತು ಬಲಗೈ ಚಾಚಿದೆ. ಮೊದಲ ತುತ್ತು ಮಗಳಿಗೆ. ಎರಡನೆಯ ತುತ್ತು ಅವಳ ಬೆರಳುಗಳಲ್ಲಿ ಉಂಡೆಯಾಗಿ ನಿಂತಿತ್ತು.

‘ಎಡಗೈ ಕೊಡಿ,’ ಎಂದಳು.

ಕೊಟ್ಟೆ. ಅವಳು ತನ್ನ ಎಡಗೈಯಲ್ಲಿ ಅದನ್ನು ಹಿಡಿದು, ಮುಖದ ಹತ್ತಿರ ತಂದುಕೊಂಡು, ಕಣ್ಣು ಮುಚ್ಚಿ ಒಮ್ಮೆ ಮೂಸಿದಳು. ಮಗಳು ಇದೇನೋ ಹೊಸ ಆಟವೆಂದುಕೊಂಡು ತನ್ನ ಎಡಗೈಯನ್ನೂ ಚಾಚಿದಳು. ಅದನ್ನೂ ಮೂಸಿ, ‘ಪೆನ್ಸಿಲ್ ವಾಸನೆ’ ಎಂದಳು ಹೆಂಡತಿ. ಆಮೇಲೆ ನನ್ನ ಬಲಗೈಗೆ ತುತ್ತು ಹಾಕಿದಳು.

ಈಗ ಪ್ರತಿ ಶನಿವಾರ ಹೀಗೆಯೇ ನಡೆಯುತ್ತದೆ. ಎರಡು ಸಲ ನಾನು ಕೈ ಕೊಡುವ ಮೊದಲೇ, ಸೇದಿದ್ದೆನೆಂದು ಅವಳಿಗೆ ಹೇಳಬೇಕಾಗಿ ಬಂದಿದೆ. ಆ ಎರಡೂ ದಿನ ಅವಳು ಮೂಸಲಿಲ್ಲ, ತುತ್ತು ಕೊಟ್ಟಳು. ಎರಡೂ ಡೈರಿಯಲ್ಲಿವೆ.